ಎರಡನೆಯ ವೀಳ್ಯ

ಬೆಳಿಗ್ಗೆ ಅಣ್ಣನ ಮನೆಯಲ್ಲಿ ಎರಡನೆಯ ಲೋಟ ಕಾಫಿ ಕುಡಿಯಬಾರದಾಗಿತ್ತು ಎಂದು ಆದಿನಾರಾಯಣಪ್ಪನಿಗೆ ಅನ್ನಿಸತೊಡಗಿದಾಗ ಬಿಸಿಲು ಅರಳಿಮರದ ನೆತ್ತಿಗೆ ಬಂದಿತ್ತು. ಕಟ್ಟೆಯ ಮೇಲೆ ಅವನೊಬ್ಬನೇ ಕೂತಿದ್ದ. ಕೆಳಗೆ ಊರಿನ ಗಂಡಸರು ಸುತ್ತುವರಿದು ಕೂತಿದ್ದರು, ಹೆಂಗಸರು ಆಚೆ ಮಾರಮ್ಮನ ಗುಡಿಯ ಗೋಡೆಗೆ ಒರಗಿ ನಿಂತಿದ್ದರು. ಅವನ ಮುಂದಿದ್ದ ಹಿತ್ತಾಳೆ ತಟ್ಟೆಯಲ್ಲಿ ಒಂದು ವೀಳ್ಯ ಹಾಗೇ ಉಳಿದಿತ್ತು. ಎಲೆಯ ಅಂಚು ಬಾಡಿ ಒಳಕ್ಕೆ ಸುರುಟಿಕೊಳ್ಳುತ್ತಿತ್ತು. ಇನ್ನೊಂದನ್ನು ಅವನ ಅಣ್ಣ ವೆಂಕಟರಾಯಪ್ಪ, ತೀರ್ಪು ಹೇಳಿ ಮುಗಿಸುವುದೇ ತಡ, ಎತ್ತಿ ಕಣ್ಣಿಗೊತ್ತಿಕೊಂಡು ಬಾಯಿಗೂ ಹಾಕಿಕೊಂಡು, ಈಗ ಕೆಂಪಗೆ ಉಗುಳುತ್ತ ಕೂತಿದ್ದ. ಉಳಿದದ್ದು ಮುನಿಲಕ್ಷ್ಮಮ್ಮನದು. ತೀರಿಕೊಂಡ ಅಪ್ಪಯ್ಯಣ್ಣನ ಹೆಂಡತಿ ಅವಳು. ಅಪ್ಪಯ್ಯಣ್ಣ ಆದಿನಾರಾಯಣಪ್ಪನಿಗೆ ಚಿಕ್ಕಪ್ಪನ ಮಗ, ವಯಸ್ಸಿನಲ್ಲಿ ದೊಡ್ಡವನು, ಹಾಗಾಗಿ ಇವಳು ಅತ್ತಿಗೆ. ಅವಳು ತಟ್ಟೆಯ ಕಡೆ ನೋಡದೆ, ಮಣ್ಣಿನಲ್ಲಿ ಕಾಲು ಚಾಚಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಿದ್ದಳು.

ಆ ಊರಿನ ಪದ್ಧತಿ ಅದು. ನ್ಯಾಯ ಹೇಳಲು ಕಟ್ಟೆ ಹತ್ತಿದವನು, ತೀರ್ಪಿನ ವೀಳ್ಯವನ್ನು ಎರಡೂ ಕಡೆಯವರು ಎತ್ತಿಕೊಳ್ಳುವವರೆಗೆ ನೆಲಕ್ಕೆ ಕಾಲಿಡುವಂತಿಲ್ಲ, ಯಾರ ಮನೆಯ ನೀರನ್ನೂ ಮುಟ್ಟುವಂತಿಲ್ಲ. ಮಧ್ಯೆ ಇಳಿದನೋ, ನ್ಯಾಯ ಮುರಿಯಿತೆಂದೇ ಲೆಕ್ಕ. ಆಮೇಲೆ ಎರಡು ಕಡೆಯವರು ಮಚ್ಚು ಹಿಡಿದರೂ ಊರು ಅಡ್ಡ ಬರುವುದಿಲ್ಲ, ಇಳಿದವನ ಮನೆಯವರು ಮುಂದೆ ಎಂದೂ ಆ ಕಟ್ಟೆ ಹತ್ತುವುದಿಲ್ಲ. ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಇಪ್ಪತ್ತು ವರ್ಷದಿಂದ ವಕೀಲಿ ಮಾಡುತ್ತಿದ್ದ ಆದಿನಾರಾಯಣಪ್ಪನಿಗೆ ತನ್ನ ಊರಿನ ಈ ಪದ್ಧತಿಯ ಮೇಲೆ ಎಲ್ಲಿಲ್ಲದ ಅಭಿಮಾನ. ಭಾಷಣಗಳಲ್ಲಿ ಅದನ್ನು ಹೊಗಳಿದ್ದ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರು ತೀರ್ಪು ಓದಿ ಊಟಕ್ಕೆ ಎದ್ದು ಹೋಗುತ್ತಾರೆ, ನಮ್ಮ ಹಳ್ಳಿಯ ನ್ಯಾಯಗಾರ ಇಬ್ಬರೂ ಒಪ್ಪುವವರೆಗೆ ಏಳುವುದಿಲ್ಲ, ಜಗತ್ತು ನಮ್ಮಿಂದ ಇದನ್ನು ಕಲಿಯಬೇಕು ಎಂದಿದ್ದ. ಚಪ್ಪಾಳೆಯೂ ಬಿದ್ದಿತ್ತು. ಆ ಮಾತು ಹೇಳುವಾಗ ಅವನು ಕಟ್ಟೆಯ ಮೇಲೆ ಕೂತಿರಲಿಲ್ಲ, ಮೂತ್ರಕ್ಕೆ ಅವಸರವೂ ಆಗಿರಲಿಲ್ಲ.

ಅಂದು ಅಕ್ಟೋಬರ್ ಇಪ್ಪತ್ತನಾಲ್ಕು, ವಿಶ್ವಸಂಸ್ಥೆಯ ದಿನ. ಅರವತ್ತೇಳನೆಯ ಇಸವಿ. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಆ ದಿನವನ್ನು ಆಚರಿಸುವ ಪರಿಪಾಠ ಶುರುವಾದದ್ದೇ ಅವನಿಂದ. ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯನ್ನು ಅವನೇ ಕೂತು ಕನ್ನಡ ಮಾಡಿದ್ದ, ಮಕ್ಕಳ ಬಾಯಲ್ಲಿ ಹೇಳಿಸಿದ್ದ, ನೀಲಿ ಬಟ್ಟೆ ತಂದು ಹೆಂಡತಿಯಿಂದ ಬಾವುಟ ಹೊಲಿಸಿದ್ದ. ಹೆಂಡತಿ ಲಕ್ಷ್ಮೀದೇವಮ್ಮ ಹೊಲಿದುಕೊಟ್ಟು, ವಿಯಟ್ನಾಮಿನ ಜಗಳ ಮುಗಿದ ಮೇಲೆ ನಮ್ಮ ಹಿತ್ತಲ ಗೋಡೆಯ ವಿಚಾರ ಪಕ್ಕದ ಮನೆಯವರ ಹತ್ತಿರ ಒಂದು ಮಾತು ಆಡಿ ಎಂದಿದ್ದಳು. ಅವಳ ಮಾತಿಗೆಲ್ಲ ಅವನು ನಕ್ಕುಬಿಡುತ್ತಿದ್ದ. ಸಂಜೆ ನಾಲ್ಕಕ್ಕೆ ಸಭೆ. ಬೆಂಗಳೂರಿನಿಂದ ವಿದ್ಯಾ ಇಲಾಖೆಯ ಯಾರೋ ದೊಡ್ಡವರು ಬರುವವರಿದ್ದರು. ಕೋಟಿನ ಒಳಜೇಬಿನಲ್ಲಿ ಮಡಿಸಿಟ್ಟ ಭಾಷಣದ ಹಾಳೆಗಳಿದ್ದವು. ಬೆಳಿಗ್ಗೆ ಊರಿನ ನ್ಯಾಯ ಮುಗಿಸಿ ಮಧ್ಯಾಹ್ನಕ್ಕೆ ವಾಪಸು ಹೋದರಾಯಿತು ಅಂದುಕೊಂಡಿದ್ದ. ಅಷ್ಟೇ ಅಲ್ಲ, ಆ ನ್ಯಾಯದ ವಿಚಾರವನ್ನೇ ಭಾಷಣದ ಕೊನೆಗೆ ಸೇರಿಸಬೇಕೆಂದು ಹಾಳೆಯ ಕೆಳಗೆ ಸ್ವಲ್ಪ ಜಾಗವನ್ನೂ ಬಿಟ್ಟುಕೊಂಡಿದ್ದ. ಈಗ ಆ ಜಾಗದ ನೆನಪಾಗಿ ಅವನ ಕಿವಿ ಬಿಸಿಯಾಯಿತು.

ಜಗಳವಾಗಿದ್ದು ರಾಗಿ ಹೊಲದ ಒಂದು ಪಟ್ಟೆಗೆ. ವೆಂಕಟರಾಯಪ್ಪನ ಹೊಲಕ್ಕೂ ಮುನಿಲಕ್ಷ್ಮಮ್ಮನ ಹೊಲಕ್ಕೂ ನಡುವೆ ಒಂದು ಬಾಂದುಕಲ್ಲು. ಕಲ್ಲು ಸರಿದಿದೆ ಎಂದು ಅವಳು, ಸರಿದಿಲ್ಲ ಎಂದು ಇವನು. ಆದಿನಾರಾಯಣಪ್ಪನ ಅಪ್ಪನೂ ಚಿಕ್ಕಪ್ಪನೂ ಹಿಂದೆ ಬಾಯಿಮಾತಿನಲ್ಲಿ ಮಾಡಿಕೊಂಡ ಪಾಲು ಅದು, ಸರ್ಕಾರದ ಅಳತೆಗೆ ಸಿಕ್ಕುವಂಥದಲ್ಲ. ಶ್ರಾವಣದಲ್ಲಿ ವೆಂಕಟರಾಯಪ್ಪನ ಮಗ ಗುದ್ದಲಿಯ ಕಾವಿನಿಂದ ಅವಳ ಮಗ ಮುನಿವೆಂಕಟಪ್ಪನ ತಲೆ ಒಡೆದಿದ್ದ, ಆಸ್ಪತ್ರೆಗೆ ಎತ್ತಿನಗಾಡಿಯಲ್ಲಿ ಹಾಕಿಕೊಂಡು ಹೋಗಿ ಹೊಲಿಗೆ ಹಾಕಿಸಿದ್ದರು. ಆಮೇಲೆ ಎರಡು ಮನೆಗಳಲ್ಲೂ ಮಚ್ಚು ಮಸೆಯುವ ಸದ್ದು ಕೇಳುತ್ತಿದೆ ಎಂದು ಊರಿನ ಹಿರಿಯ ದೊಡ್ಡಮುನಿಯಪ್ಪ ವಕೀಲರ ಮನೆಗೇ ಬಂದು ಜಗಲಿಯ ಮೇಲೆ ಕೂತು ಹೇಳಿದ. ಪ್ರತಿವಾದಿಯ ತಮ್ಮನೇ ನ್ಯಾಯ ಹೇಳುವುದು ಹೇಗೆ ಎಂದು ಆದಿನಾರಾಯಣಪ್ಪ ಕೇಳಿದ್ದಕ್ಕೆ, ಮುನಿಲಕ್ಷ್ಮಮ್ಮನೇ ನಿನ್ನನ್ನು ಕೇಳಿದ್ದು ಕಣಪ್ಪ ಎಂದ. ಲೋಕಕ್ಕೆಲ್ಲ ನ್ಯಾಯ ಹೇಳೋನು, ನಮಗೆ ಅನ್ಯಾಯ ಹೇಳ್ತಾನಾ ಅಂದಳಂತೆ. ಆ ಮಾತಿನಿಂದ ಅವನು ಒಂದು ವಾರ ನೆಲದ ಮೇಲೆ ಇರಲಿಲ್ಲ.

ಬೆಳಿಗ್ಗೆ ಹತ್ತಿರದ ಹಳ್ಳಿ ಮಧುರೆಯಲ್ಲಿ ಬಸ್ಸಿಳಿದು ನಡೆದು ಬರುವಾಗ ಎರಡೂ ಕಡೆ ರಾಗಿ ತೆನೆ ತುಂಬಿ ನಿಂತಿತ್ತು, ಅವರೆಯ ಹೂವಿನ ವಾಸನೆ ಬರುತ್ತಿತ್ತು. ಅಣ್ಣನ ಮನೆಯಲ್ಲಿ ಕಾಫಿ ಆಯಿತು. ಅಲ್ಲಿಂದ ಹೊರಟು ಬೀದಿಯಲ್ಲಿ ಬರುವಾಗ ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಒಂದು ಲೋಟ ಮಜ್ಜಿಗೆ ಹಿಡಿದಿದ್ದಳು. ಅವನು ಕೈಮುಗಿದು, ನ್ಯಾಯಕ್ಕೆ ಕೂರುವವನು ಯಾರ ಮನೆಯದನ್ನೂ ಕುಡಿಯಬಾರದು ಅತ್ತಿಗೆ ಎಂದು ದೊಡ್ಡ ದನಿಯಲ್ಲಿ ಹೇಳಿದ. ಬಾಯಲ್ಲಿ ಇನ್ನೂ ಅಣ್ಣನ ಮನೆಯ ಕಾಫಿಯ ಕಹಿ ಇತ್ತು. ಅಣ್ಣನ ಮನೆಯೆಂದರೆ ತನ್ನ ಮನೆಯೇ ಅಲ್ಲವೇ, ತನ್ನ ಮನೆಯಲ್ಲಿ ತಾನು ಕುಡಿದದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ ಎಂದು ಒಳಗೇ ವಾದ ಮಾಡಿಕೊಂಡ. ಆ ವಾದವನ್ನು ಕೋರ್ಟಿನಲ್ಲಿ ಎದುರು ಕಕ್ಷಿಯ ವಕೀಲ ಮಾಡಿದ್ದರೆ ಒಂದೇ ಮಾತಿನಲ್ಲಿ ಹೊಡೆದುಹಾಕುತ್ತಿದ್ದ. ಅವಳು ಮಜ್ಜಿಗೆಯನ್ನು ತುಳಸಿಕಟ್ಟೆಯ ಪಕ್ಕಕ್ಕೆ ಚೆಲ್ಲಿ ಒಳಗೆ ಹೋದಳು.

ಹೊಲದಲ್ಲಿ ಕಲ್ಲು ನೋಡಿದ ಮರುಕ್ಷಣವೇ ಅವನಿಗೆ ಗೊತ್ತಾಯಿತು. ಗೊತ್ತಾಗದೆ ಏನು. ಅಪ್ಪನೂ ಚಿಕ್ಕಪ್ಪನೂ ಪಾಲಾದ ದಿನ ಇಬ್ಬರೂ ಸೇರಿ ಗುಳಿ ತೋಡಿ, ಅಡಿಯಲ್ಲಿ ಇದ್ದಿಲು, ಒಡೆದ ಮಡಕೆಯ ಚೂರು ಹರಡಿ, ಅದರ ಮೇಲೆ ಕಲ್ಲು ನೆಟ್ಟಿದ್ದರು. ಇದ್ದಿಲು ಮಣ್ಣಿನಲ್ಲಿ ಎಷ್ಟು ಕಾಲವಾದರೂ ಕೊಳೆಯದು, ಮುಂದೆ ಯಾರಾದರೂ ಕಲ್ಲು ಸರಿಸಿದರೆ ಅಗೆದು ನೋಡಲಿ ಎಂದು. ಇದ್ದಿಲನ್ನು ಬಾನಿಯಲ್ಲಿ ಹೊತ್ತು ತಂದವನು ಚಡ್ಡಿ ಹಾಕಿದ್ದ ಆದಿನಾರಾಯಣ. ಹೊಂಗೆಮರ ಚಿಕ್ಕಪ್ಪನ ಪಾಲಿಗೆ ಹೋಯಿತೆಂದು ಅವನು ಅತ್ತಿದ್ದ, ಅದರಲ್ಲಿ ಜೋಕಾಲಿ ಕಟ್ಟುತ್ತಿದ್ದುದರಿಂದ. ಆಗ ಚಿಕ್ಕಪ್ಪ ಅವನ ಕರಿ ಕೈಯನ್ನು ಹಿಡಿದು, ಮರ ನಮ್ಮದಾದ್ರೂ ಜೋಕಾಲಿ ನಿಂದೇ ಕಣ್ಲಾ ಎಂದು ನಕ್ಕಿದ್ದರು. ಅಂದರೆ ಮರದ ಈಚೆಗೆ, ಅಣ್ಣನ ಹೊಲದ ಕಡೆಗೆ ಕಲ್ಲು ಇರಬೇಕಿತ್ತು. ಈಗ ಕಲ್ಲು ಮರದ ಆಚೆಗೆ ನಿಂತಿತ್ತು, ಮರವೂ ಮರದಾಚೆಯ ರಾಗಿಯ ಪಟ್ಟೆಯೂ ಅಣ್ಣನ ಹೊಲಕ್ಕೆ ಬಂದಿದ್ದವು. ಅವನು ಹೊಂಗೆಯ ಬೇರಿನ ಮೇಲೆ ಕಾಲಿಟ್ಟುಕೊಂಡು ನಿಂತೇ ಇದ್ದ. ವೆಂಕಟರಾಯಪ್ಪ ಹತ್ತಿರ ಬಂದು, ನೋಡಿದ್ದಾಯ್ತಲ್ಲ, ಬಿಸಿಲಾಗ್ತದೆ ನಡಿ ಎಂದು ತನ್ನ ಕೊಡೆಯನ್ನು ಅವನ ತಲೆಯ ಮೇಲೆ ಹಿಡಿದ.

ಹೊಲದಿಂದ ಕಟ್ಟೆಗೆ ಬರುವ ದಾರಿಯಲ್ಲಿ ತೀರ್ಪು ಸಿದ್ಧವಾಯಿತು, ಅದೂ ಅಂತರರಾಷ್ಟ್ರೀಯ ಕಾನೂನಿನ ಬಲದಿಂದ. ಎರಡು ವರ್ಷದ ಹಿಂದೆ ಪಾಕಿಸ್ತಾನದ ಜೊತೆ ಯುದ್ಧವಾದಾಗ ಭದ್ರತಾ ಮಂಡಳಿ ಹೇಳಿದ್ದೇನು? ಮೊದಲು ಗುಂಡು ನಿಲ್ಲಲಿ. ಯಾರು ಯಾರ ಮನೆಗೆ ನುಗ್ಗಿದರು ಎಂಬ ಮಾತು ಆಮೇಲೆ. ಹೆಣ ಬೀಳುತ್ತಿರುವಾಗ ಸತ್ಯ ಹುಡುಕುತ್ತ ಕೂತರೆ ಸತ್ಯ ಸಿಗುವಷ್ಟರಲ್ಲಿ ಅದನ್ನು ಕೇಳುವವರು ಉಳಿದಿರುವುದಿಲ್ಲ. ಇದರಲ್ಲಿ ತಪ್ಪೇನಿದೆ? ಕಲ್ಲು ಅಗೆಸಿದರೆ ಇದ್ದಿಲು ಸಿಗುವುದಿಲ್ಲ, ಇದ್ದಿಲು ಸಿಗದಿದ್ದರೆ ಮುನಿವೆಂಕಟಪ್ಪ ಅಲ್ಲೇ ಮಚ್ಚು ಎತ್ತುತ್ತಾನೆ. ಹುಡುಗರ ಪ್ರಾಣ ಮುಖ್ಯ. ಹೀಗೆ ಒಂದೊಂದಾಗಿ ಮಾತು ಜೋಡಿಸಿಕೊಂಡು, ಕಟ್ಟೆ ಹತ್ತಿ ಗಂಟಲು ಸರಿಮಾಡಿಕೊಂಡು ಹೇಳಿದ. ಇದ್ದಲ್ಲೇ ನಿಲ್ಲುವುದು, ಕಲ್ಲು ಈಗ ಎಲ್ಲಿದೆಯೋ ಅಲ್ಲೇ ಗಡಿ. ಈ ಸಲದ ಪಟ್ಟೆಯ ರಾಗಿಯಲ್ಲಿ ಅರ್ಧ ಅತ್ತಿಗೆಗೆ. ಕೊಯ್ಲಿನ ದಿನ ಊರಿನ ಮೂವರು ಹಿರಿಯರು ನಿಂತು ನೋಡಿಕೊಳ್ಳಬೇಕು. ಇನ್ನು ಯಾರೂ ಯಾರ ಮೇಲೂ ಕೈ ಮಾಡಬಾರದು. ಹೇಳುವಾಗ ದನಿ ಚೆನ್ನಾಗಿತ್ತು. ಅಣ್ಣ ಅವಸರದಲ್ಲಿ ವೀಳ್ಯ ಎತ್ತಿಕೊಂಡ. ನ್ಯಾಯ ಕೇಳಿ ಇಷ್ಟು ಬೇಗ ಸಮಾಧಾನವಾದ ಕಕ್ಷಿಗಾರನನ್ನು ಅವನು ಕೋರ್ಟಿನಲ್ಲಿ ಎಂದೂ ನೋಡಿರಲಿಲ್ಲ.

ದೊಡ್ಡಮುನಿಯಪ್ಪ ತಟ್ಟೆಯನ್ನು ಮುನಿಲಕ್ಷ್ಮಮ್ಮನ ಕಡೆ ತಿರುಗಿಸಿದಾಗ ಅವಳು ಎದ್ದು ಕಟ್ಟೆಯ ಹತ್ತಿರ ಬಂದಿದ್ದಳು.

"ಕಲ್ಲು ಕೀಳಿಸಪ್ಪ," ಎಂದಳು. "ಅಡೀಲಿ ಇದ್ದಿಲಿದ್ರೆ ನಂದೇ ತಪ್ಪು, ಊರವರ ಕಾಲಿಗೆ ಬಿದ್ದು ವೀಳ್ಯ ತಗೋತೀನಿ. ಇಲ್ದೇ ಇದ್ರೆ ಏನು ಅಂತ ನೀನೇ ಹೇಳು."

"ಅಗೆಯೋಕೆ ಹೋದ್ರೆ ಹೊಡೆದಾಟ ಆಗುತ್ತೆ ಅತ್ಗೆ. ಅದು ಬೇಡ ಅಂತಲೇ ನಾನು ಬಂದಿರೋದು. ಹಿಂದಿಂದು ಬಿಟ್ಟು ಮುಂದಿಂದು ನೋಡೋಣ."

"ಹಿಂದಿಂದು ಬಿಟ್ರೆ ಅವರಿಗೇನಪ್ಪ ಹೋಯ್ತದೆ?"

ಅಷ್ಟು ಹೇಳಿ ಮತ್ತೆ ಹೋಗಿ ಕೂತವಳು ಈವರೆಗೆ ಬಾಯಿ ತೆರೆದಿರಲಿಲ್ಲ. ದೊಡ್ಡಮುನಿಯಪ್ಪ ಸಮಾಧಾನ ಹೇಳಿದ, ಗುಡಿಯ ಪೂಜಾರಿ ಹೇಳಿದ, ಅವಳ ತವರಿನ ಕಡೆಯ ಒಬ್ಬ ಬಂದು, ಅರ್ಧ ರಾಗಿ ಬಂತಲ್ಲ, ಇರಲಿ ಬಿಡವ್ವ ಎಂದ. ಮಗ ಮುನಿವೆಂಕಟಪ್ಪ, ತಲೆಯಲ್ಲಿ ಹೊಲಿಗೆ ಹಾಕಿದ ಕಡೆ ಕೂದಲು ಮೊಳೆಯದೆ ಬೆಳ್ಳಗಿತ್ತು, ಏನೋ ಅನ್ನಲು ಎದ್ದಾಗ ಅವನ ಪಂಚೆಯ ಅಂಚು ಹಿಡಿದು ಕೂರಿಸಿದಳು. ಜಗಳ ಬೇಕೆಂಬ ಹಟ ಅವಳಲ್ಲಿ ಕಾಣುತ್ತಿರಲಿಲ್ಲ. ಅವಳು ಕಾಯುತ್ತಿದ್ದಳು, ಅಷ್ಟೇ. ಏನನ್ನು ಕಾಯುತ್ತಿದ್ದಾಳೆಂಬುದು ಆದಿನಾರಾಯಣಪ್ಪನಿಗೆ ಗೊತ್ತಿತ್ತು, ಗೊತ್ತಿದ್ದರಿಂದಲೇ ಅವಳ ಕಡೆ ನೋಡದೆ ಅರಳಿಮರದ ಎಲೆಗಳನ್ನು ನೋಡುತ್ತ ಕೂತಿದ್ದ.

ಗಂಡಸರು ಸರದಿಯ ಮೇಲೆ ಮನೆಗೆ ಹೋಗಿ ಮುದ್ದೆ ಉಂಡು ಬಂದರು. ಬಾಯೊರೆಸಿಕೊಂಡು ಬಂದವರ ಮೈಯಿಂದ ಹುರುಳಿ ಸಾರಿನ ವಾಸನೆ ಕಟ್ಟೆಗೆ ಬರುತ್ತಿತ್ತು. ಹಸಿವನ್ನು ತಡೆಯಬಹುದು, ಬಾಯಾರಿಕೆಯನ್ನೂ ತಡೆಯಬಹುದು. ಆದರೆ ಇದನ್ನು ಎಷ್ಟು ಹೊತ್ತು ತಡೆಯುವುದು? ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿದ, ತೆಗೆದ, ಮಂಡಿಗಳನ್ನು ಸೇರಿಸಿ ಕೂತ. ಗಾಂಭೀರ್ಯದಿಂದ ಕೂತಿದ್ದಾನೆಂದು ಜನ ಅಂದುಕೊಂಡಿರಬೇಕು. ಗಾಜಾದಲ್ಲಿ ವಿಶ್ವಸಂಸ್ಥೆಯ ಸೈನಿಕರು ಹತ್ತು ವರ್ಷ ಹೀಗೇ ಎರಡು ದೇಶಗಳ ನಡುವೆ ಕೂತಿದ್ದರು, ನಮ್ಮ ದೇಶದವರೂ ಅವರಲ್ಲಿದ್ದರು. ಕಳೆದ ಮೇ ತಿಂಗಳಲ್ಲಿ ಈಜಿಪ್ಟಿನವರು ಹೊರಡಿ ಅಂದರು. ಇವರು ಸಾಮಾನು ಕಟ್ಟಿದರು. ಕಟ್ಟಿ ಮುಗಿಸುವುದರೊಳಗೆ ಯುದ್ಧ ಶುರುವಾಗಿ ನಮ್ಮವರೂ ಕೆಲವರು ಸತ್ತರು. ಆ ವಾರ ಅವನಿಗೆ ಊಟ ಸೇರಿರಲಿಲ್ಲ. ಕೋರ್ಟಿನ ವರಾಂಡದಲ್ಲಿ ಕಕ್ಷಿಗಾರನೊಬ್ಬ ಪೇಪರು ನೋಡುತ್ತ, ಹೊರಡಿ ಅಂದ್ರೆ ಹೊರಡೋದಾದ್ರೆ ಇವರು ನಿಂತಿದ್ದು ಯಾತಕ್ಕೆ ಸ್ವಾಮಿ ಎಂದು ಕೇಳಿದ್ದ, ತಮಾಷೆಗಲ್ಲ, ನಿಜವಾಗಿ ತಿಳಿದುಕೊಳ್ಳಲು. ಆದಿನಾರಾಯಣಪ್ಪ ಸಾರ್ವಭೌಮತ್ವ, ಸಮ್ಮತಿ ಎಂದೆಲ್ಲ ವಿವರಿಸಿದ. ಆತ ಗೌರವದಿಂದ ತಲೆಯಾಡಿಸಿ ಪೇಪರು ಮಡಿಸಿ ಕೊಟ್ಟುಹೋದ. ಉತ್ತರ ಸರಿಯಾಗಿಯೇ ಇತ್ತು, ಆದರೂ ಅವನಿಗೆ ನಾಚಿಕೆಯಾಗಿತ್ತು.

ಅದಕ್ಕಿಂತ ದೊಡ್ಡ ನಾಚಿಕೆ ಅರವತ್ತೆರಡರದು. ಚೀನಾದವರು ಗಡಿ ದಾಟಿ ಬಂದು ನಾಲ್ಕು ದಿನವಾಗಿತ್ತು, ವಿಶ್ವಸಂಸ್ಥೆಯ ದಿನ ಬಂತು. ಈ ಸಲ ಬೇಡ ಎಂದು ಹೆಡ್‌ಮಾಸ್ಟರು ನರಸಿಂಹಯ್ಯ ಸೂಚಿಸಿದರೂ ಇವನು ಬಿಡಲಿಲ್ಲ. ಇಂಥ ಹೊತ್ತಿನಲ್ಲೇ ಹೇಳಬೇಕು ಎಂದ. ಕಾನೂನು ಎಂಬುದು ಬಲವಿಲ್ಲದವನ ಕೈಗೆ ಮನುಷ್ಯರು ಕೊಟ್ಟಿರುವ ಒಂದೇ ಒಂದು ಊರುಗೋಲು, ಅದನ್ನು ನಾವು ಬಿಟ್ಟರೆ... ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ನರಸಿಂಹಯ್ಯನವರು ಹುಡುಗಿಯರ ಕಡೆ ಸನ್ನೆ ಮಾಡಿದರು, ಅವರು ರಾಷ್ಟ್ರಗೀತೆ ಶುರುಮಾಡಿಬಿಟ್ಟರು. ಅರ್ಧ ವಾಕ್ಯ ಬಾಯಲ್ಲಿಟ್ಟುಕೊಂಡು, ಕೈಗಳನ್ನು ಪಕ್ಕಕ್ಕೆ ಸೇರಿಸಿ ನೆಟ್ಟಗೆ ನಿಂತ. ಅಂದು ಮನೆಗೆ ಬಂದು ಅತ್ತ. ಆದರೆ ಅಂದಿನ ಅಳುವಿನಲ್ಲಿ ಒಂದು ಸುಖವಿತ್ತು ಎಂದು ಈಗ ಅನ್ನಿಸಿತು. ತಾನು ಹೇಳಿದ್ದು ನಿಜ, ಕೇಳುವವರಿಲ್ಲ ಎಂಬ ಸುಖ. ಇಂದು ಎಲ್ಲರೂ ಕೇಳುತ್ತಿದ್ದಾರೆ. ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ.

ಒಂದೇ ಒಂದು ಮಾತು ಸಾಕು. ಅಗೆಯಿರಿ ಅಂದರೆ ಸಾಕು. ನಾನೇ ಇದ್ದಿಲು ಹೊತ್ತವನು, ಮರದ ಈಚೆಗೆ ಅಗೆಯಿರಿ. ನಾಲಗೆಯ ತುದಿಯವರೆಗೆ ಬಂತು. ಅಣ್ಣನ ಕಡೆ ನೋಡಿದ. ವೆಂಕಟರಾಯಪ್ಪ ಅಪರಾಧಿಯಂತೆ ಕೂತಿದ್ದರೆ, ತಲೆ ತಗ್ಗಿಸಿದ್ದರೆ, ಕಣ್ಣಲ್ಲಿ ಒಂದಿಷ್ಟು ಭಯವಿದ್ದರೆ ಹೇಳಿಬಿಡುತ್ತಿದ್ದನೋ ಏನೋ. ಅವನು ಗೋಡೆಯ ನೆರಳಿನಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ತಮ್ಮನನ್ನೇ ನೋಡುತ್ತಿದ್ದ, ಜಾತ್ರೆಯ ನಾಟಕದಲ್ಲಿ ಮನೆಯ ಹುಡುಗ ರಾಜನ ವೇಷ ಹಾಕಿದಾಗ ನೋಡುವ ಹಾಗೆ. ಭಯದ ಸುಳಿವೇ ಇರಲಿಲ್ಲ. ತಮ್ಮ ತನ್ನ ವಿರುದ್ಧ ಮಾತಾಡಬಹುದೆಂಬುದು ಅವನ ತಲೆಗೇ ಬಂದಿರಲಿಲ್ಲ. ಅಪ್ಪ ಸತ್ತಾಗ ಇಬ್ಬರಲ್ಲಿ ಒಬ್ಬ ಓದಬೇಕು, ಒಬ್ಬ ಉಳಬೇಕು ಎಂದಾಗ, ಸ್ಲೇಟನ್ನು ತಮ್ಮನ ಕೈಗಿಟ್ಟು ನೇಗಿಲು ಹಿಡಿದವನು ಅವನು. ಬೆಂಗಳೂರಿನ ಹಾಸ್ಟೆಲಿಗೆ ಹುರಿಹಿಟ್ಟಿನ ಡಬ್ಬ ತಂದು, ಗೇಟಿನ ಹೊರಗೇ ನಿಂತು, ಒಳಗೆ ಬಂದರೆ ನಿನ್ನ ಜೊತೆಯವರು ನಗ್ತಾರೆ ಕಣೋ ಎಂದವನು. ಆದಿನಾರಾಯಣಪ್ಪ ಆಗ ಒಳಗೆ ಕರೆಯಲಿಲ್ಲ. ಈಗ ಊರಿನ ಮುಂದೆ ಅವನನ್ನು ಕಳ್ಳ ಅನ್ನುವುದೇ? ಇಲ್ಲ, ಇದು ಅಣ್ಣನ ಮೇಲಿನ ಪ್ರೀತಿಯಲ್ಲ, ಶಾಂತಿಗಾಗಿ ಎಂದುಕೊಂಡ. ಮರುಗಳಿಗೆ, ಶಾಂತಿಯಲ್ಲ, ಇದು ಪ್ರೀತಿ ಎಂದುಕೊಂಡ. ಆಮೇಲೆ ಎರಡೂ ಅಲ್ಲ, ಹೆದರಿಕೆ ಎಂದು ಹೊಳೆಯಿತು. ಸನ್ನದಿನಲ್ಲಿ ಶಾಂತಿ, ನ್ಯಾಯ ಎರಡನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದಾರೆ. ಒಂದು ಈ ಕಡೆ, ಒಂದು ಆ ಕಡೆ ಕೂತರೆ ನಡುವೆ ಕೂತವನು ಏನು ಮಾಡಬೇಕೆಂದು ಎಲ್ಲೂ ಹೇಳಿಲ್ಲ. ಹೇಳಿದ್ದರೂ ಈಗ ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವನ ಹೊಟ್ಟೆ ಇರಲಿಲ್ಲ.

ಊರಬಾಗಿಲಲ್ಲಿ ಕಾರಿನ ಹಾರನ್ ಕೇಳಿಸಿತು. ಹೈಸ್ಕೂಲಿನ ಚರಿತ್ರೆ ಮೇಷ್ಟ್ರು ಚಿನ್ನಸ್ವಾಮಿ ಬಾಡಿಗೆ ಕಾರು ಮಾಡಿಕೊಂಡು ಹುಡುಕಿ ಬಂದಿದ್ದ. ಬೆಂಗಳೂರಿನವರು ಆಗಲೇ ಬಂದು ಪ್ರವಾಸಿ ಮಂದಿರದಲ್ಲಿ ಊಟ ಮಾಡುತ್ತಿದ್ದಾರೆ, ನೀವಿಲ್ಲದೆ ಸಭೆ ಹೇಗೆ ಶುರುಮಾಡುವುದು ಎಂದು ಜನರ ತಲೆಯ ಮೇಲಿಂದಲೇ ಕೂಗಿ ಹೇಳಿದ. ಇಳಿಯುವಂತಿಲ್ಲವೆಂದು ದೊಡ್ಡಮುನಿಯಪ್ಪ ಪದ್ಧತಿಯನ್ನು ವಿವರಿಸಿದ. ಚಿನ್ನಸ್ವಾಮಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಭಾಷಣದಲ್ಲಿ ಕೇಳಿದ್ದೆ ಸಾರ್, ನಿಜವಾಗಿ ಇದೆ ಅಂತ ಗೊತ್ತಿರಲಿಲ್ಲ ಎಂದು, ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತ. ಎಲ್ಲರೂ ಈಗ ಮುನಿಲಕ್ಷ್ಮಮ್ಮನ ಕಡೆ ತಿರುಗಿದರು. ಪೇಟೆಯವರು ಬಂದಿದ್ದಾರೆ, ಕಾರು ಕಾಯುತ್ತಿದೆ, ಊರಿನ ಮಾನ ಅವಳ ಕೈಯಲ್ಲಿದೆ ಎಂಬಂತೆ. ಯಾರೋ ಒಬ್ಬ, ಎಷ್ಟೊತ್ತು ಅಂತ ಲಾಯರಪ್ಪನ್ನ ಕೂರಿಸ್ತೀಯವ್ವ ಎಂದ. ಆದಿನಾರಾಯಣಪ್ಪ ಬೆವರುತ್ತಿದ್ದ. ಮಂಡಿಗಳನ್ನು ಇನ್ನಷ್ಟು ಒತ್ತಿ ಹಿಡಿದ. ಇನ್ನು ತುಸು ಹೊತ್ತಾದರೆ ಎಲ್ಲರ ಮುಂದೆ ಮಾನ ಹೋಗುವುದೇ ಸರಿ ಎಂದು ಹಲ್ಲು ಕಚ್ಚಿಕೊಂಡ.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬೆಳಗಿನಿಂದ ಮೊದಲ ಸಲ ಅವನ ಮುಖವನ್ನು ಪೂರ್ತಿಯಾಗಿ ನೋಡಿದಳು, ಆಮೇಲೆ ಒತ್ತಿ ಹಿಡಿದಿದ್ದ ಮಂಡಿಗಳನ್ನು ನೋಡಿದಳು. ಅವಳು ಈ ಊರಿಗೆ ಮದುವೆಯಾಗಿ ಬಂದಾಗ ಅವನಿನ್ನೂ ಹಾಸಿಗೆ ಒದ್ದೆ ಮಾಡುವ ಹುಡುಗ. ಬೈಯುವವರ ಕಣ್ಣು ತಪ್ಪಿಸಿ ಕಂಬಳಿಯನ್ನು ಬಾವಿಗೆ ಒಯ್ದು ಒಗೆದು ಹಾಕುತ್ತಿದ್ದವಳು ಅವಳೇ. ಎದ್ದಳು. ಮೈಮೇಲಿನ ಮಣ್ಣು ಕೊಡವಿಕೊಂಡು ಕಟ್ಟೆಯ ಹತ್ತಿರ ಬಂದಳು. ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಆಗಿಂದ ಒದ್ದಾಡ್ತಿದ್ದೀಯಲ್ಲೋ ಕೂಸೇ. ಹೋಗಿ ಬಾ."

ಕೈ ತಟ್ಟೆಯ ಕಡೆ ಚಾಚಿದಳು. ಅವನಿಗೆ ದುಃಖ ಉಕ್ಕಿತು. "ಅತ್ಗೆ," ಅಂದ. ಅವಳ ಕೈ ಎಲೆಯ ಮೇಲೆ ನಿಂತಿತು. ಅವಳು ಕಾದಳು. ವೆಂಕಟರಾಯಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿ ಮೊದಲ ಸಲ ಕತ್ತು ಮುಂದೆ ಚಾಚಿದ.

"ಏನೋ ಹೇಳಕ್ಕೆ ಬಂದೆ," ಎಂದಳು.

"ಏನಿಲ್ಲ."

ಅವಳು ವೀಳ್ಯ ಎತ್ತಿಕೊಂಡು, ಕಣ್ಣಿಗೊತ್ತಿಕೊಳ್ಳದೆ, ಸೆರಗಿನ ತುದಿಗೆ ಕಟ್ಟಿಕೊಂಡಳು. "ತಗೊಂಡೆ ಕಣಣ್ಣ, ಅವನನ್ನ ಇಳಿಸಿ," ಎಂದು ದೊಡ್ಡಮುನಿಯಪ್ಪನಿಗೆ ಹೇಳಿ, ಮಗನನ್ನು ಕರೆದುಕೊಂಡು ಮನೆಯ ಕಡೆ ನಡೆದಳು.

ಆದಿನಾರಾಯಣಪ್ಪ ಇಳಿದ. ಜೋಮು ಹಿಡಿದ ಕಾಲುಗಳು ನಿಲ್ಲಲಿಲ್ಲ. ಅಣ್ಣ ಓಡಿ ಬಂದು ತೋಳು ಹಿಡಿದುಕೊಂಡ. ಕೊಸರಿಕೊಂಡು ಗುಡಿಯ ಹಿಂದಿನ ಕಳ್ಳಿಬೇಲಿಯ ಮರೆಗೆ ಹೆಚ್ಚು ಕಡಿಮೆ ಓಡಿದ. ಅಲ್ಲಿ ನಿಂತಾಗ, ಈ ಬದುಕಿನಲ್ಲಿ ಇದಕ್ಕಿಂತ ಹೆಚ್ಚಿನ ಬಿಡುಗಡೆ ತನಗೆ ಸಿಗಲಾರದು ಎನ್ನುವಷ್ಟು ಹಾಯೆನಿಸಿತು, ಹಾಯೆನಿಸಿದ್ದಕ್ಕೆ ಹೇಸಿಗೆಯಾಯಿತು. ಬೇಲಿಯ ಆಚೆ ಜನ ಅವನನ್ನು ಹೊಗಳುತ್ತಿರುವುದು ಕೇಳಿಸುತ್ತಿತ್ತು. ರಕ್ತ ಬೀಳಬೇಕಾಗಿದ್ದ ಕಡೆ ಒಂದು ಹನಿ ಬೀಳದ ಹಾಗೆ ಮಾಡಿದ ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಓಡಿಹೋಗಿ ಅವಳ ಬಾಗಿಲು ತಟ್ಟಬಹುದು, ಈಗಲೂ ಹೇಳಬಹುದು. ಆದರೆ ವೀಳ್ಯ ಎತ್ತಿ ಆಗಿತ್ತು. ಎತ್ತಿದ ವೀಳ್ಯವನ್ನು ಇಳಿಸುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ಇನ್ನು ಅವನು ಸತ್ಯ ಹೇಳಿ ಅವಳು ಪಟ್ಟೆಯನ್ನು ಕೇಳಿದರೆ, ವೀಳ್ಯ ಎತ್ತಿಯೂ ಮಾತು ಮುರಿದವಳು ಅವಳಾಗುತ್ತಾಳೆ. ಇದು ಅವನಿಗೆ ಅಲ್ಲಿ, ಪಂಚೆ ಸರಿಮಾಡಿಕೊಳ್ಳುವಾಗ ಹೊಳೆದದ್ದು. ತಡವಾಗಿ ಹೊಳೆಯಿತೋ, ತಡವಾಗಲೆಂದೇ ಕಾದಿತ್ತೋ, ಕೇಳಿಕೊಳ್ಳುವ ಧೈರ್ಯ ಬರಲಿಲ್ಲ.

ಕಾರಿನಲ್ಲಿ ಚಿನ್ನಸ್ವಾಮಿಯ ಉತ್ಸಾಹಕ್ಕೆ ಕೊನೆಯಿರಲಿಲ್ಲ. ಸ್ವಾಗತ ಭಾಷಣ ಅವನದಂತೆ. ಇವತ್ತು ಕಣ್ಣಾರೆ ಕಂಡದ್ದನ್ನು ಹೇಳದೆ ಬಿಡುವುದಿಲ್ಲ ಎಂದ. ಬೇಡಪ್ಪ, ಊರಿನ ಮಾತು ಊರಲ್ಲೇ ಇರಲಿ ಎಂದು ಆದಿನಾರಾಯಣಪ್ಪ ಹೇಳಿದ್ದು ಅವನಿಗೆ ದೊಡ್ಡವರ ವಿನಯವಾಗಿ ಕೇಳಿಸಿತು. ದೊಡ್ಡಬೆಳವಂಗಲದ ರಸ್ತೆಗೆ ಬಂದಾಗ ಇದ್ದಕ್ಕಿದ್ದಂತೆ ತಿರುಗಿ, ಆ ಅಮ್ಮನ ಹೆಸರೇನು ಸಾರ್, ಅವರದೂ ದೊಡ್ಡ ಮನಸ್ಸು, ನಿಮ್ಮ ಜೊತೆ ಅವರ ಹೆಸರನ್ನೂ ಹೇಳಬೇಕು ಎಂದು ಕೇಳಿದ. ಗೊತ್ತಿಲ್ಲ ಎನ್ನಬಹುದಾಗಿತ್ತು. ಅವನು ಕಿಟಕಿಯ ಹೊರಗೆ ನೋಡುತ್ತ, ಕೋರ್ಟಿನಲ್ಲಿ ಸಾಕ್ಷಿಯ ಹೆಸರು ಹೇಳುವಂತೆ ಬಿಡಿಸಿ ಹೇಳಿದ: ಮುನಿಲಕ್ಷ್ಮಮ್ಮ, ಅಪ್ಪಯ್ಯಣ್ಣನ ಹೆಂಡತಿ. ಚಿನ್ನಸ್ವಾಮಿ ಮರೆಯದಿರಲೆಂದು ಎರಡು ಸಲ ಬಾಯಲ್ಲಿ ಹೇಳಿಕೊಂಡ.

ಹೈಸ್ಕೂಲಿನ ಸಭಾಂಗಣ ತುಂಬಿತ್ತು. ಬೆಂಗಳೂರಿನವರ ಪಕ್ಕದ ಕುರ್ಚಿಯಲ್ಲಿ ಅವನನ್ನು ಕೂರಿಸಿ ಹಾರ ಹಾಕಿದರು. ಚಿನ್ನಸ್ವಾಮಿ ಚೆನ್ನಾಗಿಯೇ ಮಾತಾಡಿದ. ಅರಳಿಕಟ್ಟೆ, ಅನ್ನನೀರಿಲ್ಲದೆ ಕೂತ ಹಿರಿಯರು, ಮಚ್ಚು ಮಸೆದ ಎರಡು ಮನೆಗಳು, ಕಡೆಗೆ ತಾನೇ ಎದ್ದು ಬಂದು ವೀಳ್ಯ ಎತ್ತಿಕೊಂಡ ಒಬ್ಬ ಬಡ ವಿಧವೆ. ಜಗತ್ತಿನ ರಾಷ್ಟ್ರಗಳಿಗೆ ಈ ತಾಯಿಗಿರುವ ಮನಸ್ಸಿದ್ದರೆ ಯುದ್ಧವೆಲ್ಲಿರುತ್ತಿತ್ತು ಎಂದು ಕೇಳಿ, ಅವಳ ಹೆಸರನ್ನು ಒಂದಕ್ಷರವೂ ತಪ್ಪದಂತೆ ಹೇಳಿದ. ಮಕ್ಕಳು, ಮೇಷ್ಟ್ರುಗಳು, ಹಿಂದೆ ನಿಂತಿದ್ದ ಪೇಟೆಯವರು ಎಲ್ಲರೂ ಚಪ್ಪಾಳೆ ತಟ್ಟಿದರು. ನಿಲ್ಲುವಂತೆ ಕಾಣಲಿಲ್ಲ. ಬೆಂಗಳೂರಿನವರೂ ತಟ್ಟುತ್ತ, ಮೆಚ್ಚುಗೆಯಿಂದ ಆದಿನಾರಾಯಣಪ್ಪನ ಕಡೆ ತಿರುಗಿ, ಅವನ ಕೈಗಳು ತೊಡೆಯ ಮೇಲೆ ಹಾಗೇ ಇರುವುದನ್ನು ನೋಡಿದರು. ವೇದಿಕೆಯ ಮೇಲೆ ಕೂತವನು ತಟ್ಟದೆ ಇರುವಂತಿರಲಿಲ್ಲ. ಆದಿನಾರಾಯಣಪ್ಪನೂ ತಟ್ಟಿದ.